ವಾಮದಪದವಿನ ಅರಿಜೋನಾ

ಮೊದಲು ಬಿದ್ದದ್ದು ಒಂದು ಮುಷ್ಟಿಯಷ್ಟು ಕೆಂಪು ಹುಡಿ. ಅದು ಬಿದ್ದದ್ದು ಮದುವೆ ನಿಶ್ಚಯವಾಗಿದ್ದ ಒಬ್ಬ ಹುಡುಗಿಯ ತುರುಬಿನ ಮೇಲೆ. ಆ ತುರುಬನ್ನು ಅವಳು ಬೆಳಿಗ್ಗೆ ಬೇಗ ಎದ್ದು ಬಂಟ್ವಾಳದ ಬ್ಯೂಟಿ ಪಾರ್ಲರಿನಲ್ಲಿ ಕಟ್ಟಿಸಿಕೊಂಡು ಬಂದಿದ್ದಳು. ದಾರಿಯ ತಿರುವುಗಳಲ್ಲೆಲ್ಲ ಕಾರಿನ ಮಾಡಿಗೆ ತಾಗದಂತೆ ಕತ್ತು ಓರೆ ಮಾಡಿಕೊಂಡೇ ಕೂತಿದ್ದಳಂತೆ.

“ಅಯ್ಯೋ, ಎಂತ ಇದು ಮೇಲಿಂದ?” ಎಂದಳು.

“ಎಂತದ್ದೂ ಇಲ್ಲಮ್ಮ. ಅರಿಜೋನಾದಲ್ಲಿ ಇದೆಲ್ಲ ಮಾಮೂಲು. ಗಾಳಿಗೆ ಮರಳು ಹಾರ್ತದೆ” ಎಂದರು ಧರ್ಣಪ್ಪಣ್ಣ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಗಾಳಿ ಎಳ್ಳಷ್ಟೂ ಇರಲಿಲ್ಲ. ಕಲ್ಲಿನ ಕೋರೆಯ ತಳದಲ್ಲಿ ನಿಂತಿದ್ದ ಹಸಿರು ನೀರಿನ ಮೇಲೆ ಒಂದು ಸುಕ್ಕು ಕೂಡ ಕಾಣುತ್ತಿರಲಿಲ್ಲ. ನಾನು ಪಕ್ಕದಲ್ಲಿ ಬೆಳಕು ಹಾಯಿಸುವ ಬೆಳ್ಳಿ ಬಣ್ಣದ ಬಟ್ಟೆತಟ್ಟೆ ಹಿಡಿದು ನಿಂತಿದ್ದೆ. ಭಾನುವಾರಗಳಲ್ಲಿ ಅದೇ ನನ್ನ ಉದ್ಯೋಗ. ಮನೆಯಲ್ಲಿದ್ದರೆ ಹೆಂಡತಿ ಕೆಲಸ ಹೇಳುತ್ತಾಳೆಂದು ಧರ್ಣಪ್ಪಣ್ಣನ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದೆ. ಇಲ್ಲಿ ಅವರು ಹೇಳುತ್ತಿದ್ದರು. ತಲೆಯೆತ್ತಿ ನೋಡಿದೆ. ಕೋರೆಯ ನಡುವಿನ ಕೆಂಪುಕಲ್ಲಿನ ಗುಳಿಗನ ಕಂಬ ಎಂದಿನಂತೆ ಆಕಾಶಕ್ಕೆ ಆನಿಸಿಕೊಂಡು ನಿಂತಿತ್ತು. ಅದರ ಮೈಯಿಂದ ಇನ್ನೊಂದು ಎಳೆ ಹುಡಿ, ಯಾರೋ ಮೇಲೆ ಕೂತು ಹಿಟ್ಟು ಜರಡಿ ಹಿಡಿದಂತೆ, ಸದ್ದಿಲ್ಲದೆ ಇಳಿಯುತ್ತಿತ್ತು.

ಧರ್ಣಪ್ಪ ಪೂಜಾರಿಯವರು ಅಮೆರಿಕ ನೋಡಿದವರಲ್ಲ. ಅವರು ನೋಡಿದ ಅತಿ ದೂರದ ಊರು ಹುಬ್ಬಳ್ಳಿ. ಅದೂ ಒಂದು ಮದುವೆಗೆಂದು ಹೋಗಿ, ಕುಚ್ಚಲಕ್ಕಿ ಅನ್ನ ಸಿಗುವುದಿಲ್ಲವೆಂದು ಗೊತ್ತಾಗಿ ಮರುದಿನವೇ ಬಸ್ಸು ಹತ್ತಿದವರು. ಆದರೆ ಬಂಟ್ವಾಳದಿಂದ ಬೆಳ್ತಂಗಡಿಯವರೆಗಿನ ಅರ್ಧ ಜನರನ್ನು ಅವರು ಅಮೆರಿಕದ ಮರುಭೂಮಿಯಲ್ಲಿ ನಿಲ್ಲಿಸಿ ಬಿಟ್ಟಿದ್ದಾರೆ.

ಅದು ಹೀಗೆ. ಎಳೆಯ ಪ್ರಾಯದಲ್ಲಿ ಅವರು ತುಳು ನಾಟಕಗಳಿಗೆ ಪರದೆ ಬರೆಯುತ್ತಿದ್ದರು. ಅರಮನೆ, ಕಾಡು, ಜೈಲು, ಈ ಮೂರನ್ನು ಯಾವ ನಾಟಕಕ್ಕೂ ಹೊಂದುವಂತೆ ಬರೆಯಬಲ್ಲವರಾಗಿದ್ದರು. ಆಮೇಲೆ ವಾಮದಪದವು ಪೇಟೆಯಲ್ಲಿ ಸ್ಟುಡಿಯೋ ಇಟ್ಟಾಗ ಹಿಂದೆ ತೂಗಲು ಒಂದು ಪರದೆ ಬೇಕಾಯಿತು. ಮಸ್ಕತ್ತಿನಿಂದ ರಜೆಗೆ ಬಂದವರೊಬ್ಬರು ಕೊಟ್ಟ ಎಂಜಿನ್ ಆಯಿಲ್ ಕ್ಯಾಲೆಂಡರಿನಲ್ಲಿ ಒಂದು ಚಿತ್ರವಿತ್ತು. ಕೆಂಪು ಬಯಲು, ಅದರ ನಡುವೆ ಮನುಷ್ಯರ ಹಂಗಿಲ್ಲದೆ ನಿಂತ ಕೆಂಪು ಬಂಡೆಯ ಗೋಪುರಗಳು. ಕೆಳಗೆ ‘ಮಾನ್ಯುಮೆಂಟ್ ವ್ಯಾಲಿ, ಅರಿಜೋನಾ’ ಎಂದಿತ್ತು. ಧರ್ಣಪ್ಪಣ್ಣ ಅದನ್ನು ಗೋಡೆಯಷ್ಟು ದೊಡ್ಡದಾಗಿ ಬರೆದರು. ಅಷ್ಟು ದೊಡ್ಡ ಬಯಲನ್ನು ಮರವಿಲ್ಲದೆ ಬಿಡಲು ಮಾತ್ರ ಅವರ ಕೈ ಒಪ್ಪಲಿಲ್ಲ. ಎಡಮೂಲೆಯಲ್ಲಿ ಒಂದು ತೆಂಗಿನಮರ ಹಾಕಿದರು. ಕಾಯಿ ಸಮೇತ.

ಆ ಪರದೆಯ ಮುಂದೆ ವರ್ಷ ತುಂಬದ ಮಕ್ಕಳು ಕವುಚಿ ಮಲಗಿ ತಲೆಯೆತ್ತಿದವು. ದುಬೈಗೆ ಹೊರಟ ಹುಡುಗರು ಅಮ್ಮನ ಹೆಗಲ ಮೇಲೆ ಕೈಯಿಟ್ಟರು. ನನ್ನ ಮದುವೆಯ ಫೋಟೋ ಕೂಡ ಅಲ್ಲಿಯದೇ. ಅದರಲ್ಲಿ ನನ್ನ ತಲೆಯ ಎರಡೂ ಬದಿಯಿಂದ ಎರಡು ಬಂಡೆಗಳು ಎದ್ದಿವೆ. ಕಂಬಳದ ಕೋಣಕ್ಕೆ ಪಟ್ಟೆಸೀರೆ ಉಟ್ಟವಳ ಜೊತೆ ಮದುವೆಯಾದ ಹಾಗೆ ಕಾಣುತ್ತದೆ. ಹೆಂಡತಿ ಅದನ್ನು ಈಗಲೂ ಷೋಕೇಸಿನ ಮುಂದಿನ ಸಾಲಿನಲ್ಲೇ ಇಟ್ಟಿದ್ದಾಳೆ.

ಬರೆದ ಮೇಲೆ ಆ ಊರಿನ ಹುಚ್ಚು ಧರ್ಣಪ್ಪಣ್ಣನಿಗೆ ಹಿಡಿಯಿತು. ಮೊಬೈಲು ಬಂದ ಮೇಲಂತೂ ವಿಡಿಯೋ ನೋಡಿ ನೋಡಿ ಅಲ್ಲಿಯ ಗುಡ್ಡ ಬೆಟ್ಟಗಳೆಲ್ಲ ಅವರಿಗೆ ನೆಂಟರಂತಾದವು. ಹೋಟೆಲಿನಲ್ಲಿ ಗೋಳಿಬಜೆ ಮುರಿಯುತ್ತಾ ಹೇಳುತ್ತಿದ್ದರು: “ಗ್ರ್ಯಾಂಡ್ ಕ್ಯಾನಿಯನ್ ಅಂದ್ರೆ ಎಂತ ಅಂತ ಮಾಡಿದ್ದೀರಿ? ಆ ಕೊಲರಾಡೋ ಹೊಳೆ ಕೂತು ಕೂತು ಕೊರೆದದ್ದು. ನಮ್ಮ ನೇತ್ರಾವತಿಗೆ ಆ ತಾಳ್ಮೆ ಉಂಟಾ? ನಾಲ್ಕು ದಿನ ಮಳೆ ಬಂದ್ರೆ ಸಾಕು, ಬೊಬ್ಬೆ ಹೊಡ್ಕೊಂಡು ಸಮುದ್ರಕ್ಕೆ ಓಡ್ತದೆ.” ನ್ಯೂ ಮೆಕ್ಸಿಕೋದ ಹಡಗಿನಂಥ ಬಂಡೆ, ಯೂಟಾದ ಕಲ್ಲಿನ ಕಮಾನು, ಇಬ್ಬರು ಒಟ್ಟಿಗೆ ನಡೆಯಲಾಗದಷ್ಟು ಇಕ್ಕಟ್ಟಿನ ಕೆಂಪು ಕಣಿವೆಗಳು, ಎಲ್ಲವೂ ಅವರ ಬಾಯಲ್ಲಿ ಕೊಕ್ಕಡ, ಮಡಂತ್ಯಾರುಗಳಷ್ಟು ಹತ್ತಿರದ ಊರುಗಳು.

ಆದರೆ ಅದೇ ಮೊಬೈಲು ಸ್ಟುಡಿಯೋವನ್ನು ನುಂಗಿತು. ಫೋಟೋ ತೆಗೆಸಿಕೊಳ್ಳುವವರು ನಿಂತರು. ಪರದೆಗೆ ಮಳೆಗಾಲದಲ್ಲಿ ಬೂಸು ಹಿಡಿಯಿತು, ಬೇಸಗೆಯಲ್ಲಿ ಗೆದ್ದಲು ಹಿಡಿಯಿತು. ಉಳಿದ ಅರಿಜೋನಾದ ಆಕಾಶವನ್ನು ಅವರ ಹೆಂಡತಿ ಪ್ರೇಮಾವತಿಯಕ್ಕ ಕತ್ತರಿಸಿ ಸೌದೆ ರಾಶಿಗೆ ಹೊದೆಸಿದರು. ಧರ್ಣಪ್ಪಣ್ಣ ಎರಡು ಮಳೆಗಾಲ ಸುಮ್ಮನೆ ಜಗಲಿಯಲ್ಲಿ ಕೂತರು. ಆಮೇಲೆ ಒಂದು ದಿನ ದನ ಹುಡುಕುತ್ತಾ ಶಂಭು ಶೆಟ್ಟರ ಗುಡ್ಡೆಗೆ ಹೋದವರು, ಹಳೆಯ ಕೋರೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿ, ದನವನ್ನು ಮರೆತೇಬಿಟ್ಟರು.

ಶಂಭು ಶೆಟ್ಟರದ್ದು ಅಲ್ಲಿಯ ಹಳೆಯ ಬಂಟರ ಮನೆ. ಅವರ ಗುಡ್ಡೆಯನ್ನು ಕೆಂಪುಕಲ್ಲು ತೆಗೆಯಲು ಕೊಟ್ಟಿದ್ದರು. ಗುಡ್ಡೆಯ ನೆತ್ತಿಯಲ್ಲಿ ಒಂದು ಕಾಸರಕನ ಮರ, ಅದರ ಬುಡದಲ್ಲಿ ಮನೆತನದ ದೈವ, ಗುಳಿಗ. ಗುಳಿಗ ಎಂದರೆ ತೆಂಗಿನಕಾಯಿಯಷ್ಟು ದೊಡ್ಡ ಒಂದು ಕಾಡುಕಲ್ಲು ಅಷ್ಟೆ. ಆದರೆ ಯಂತ್ರದವರು ಯಾರೂ ಆ ಮರದ ನೆರಳಿಗೂ ಗರಗಸ ತಾಗಿಸಲಿಲ್ಲ. ಅದೊಂದು ತುಂಡು ಬಿಟ್ಟು ನಾಲ್ಕೂ ಬದಿಯಲ್ಲಿ ಕೊಯ್ಯುತ್ತಾ ಕೊಯ್ಯುತ್ತಾ ಇಳಿದರು. ಗುಡ್ಡೆ ಕೆಳಗೆ ಹೋಯಿತು, ಗುಳಿಗ ಅಲ್ಲೇ ಉಳಿದ. ಕೊನೆಗೆ ಹೊಂಡದ ನಡುವೆ ಒಂದು ಎತ್ತರದ ತೆಂಗಿನಮರದಷ್ಟು ಎತ್ತರಕ್ಕೆ, ಒಂದು ಸಣ್ಣ ಕೋಣೆಯಷ್ಟು ಅಗಲಕ್ಕೆ, ಮೇಲೆ ಮರ ಹೊತ್ತ ಕೆಂಪು ಕಂಬ ನಿಂತಿತು. ತಳದಲ್ಲಿ ಶೇಡಿ ಮಣ್ಣು ಕಾಣಿಸಿಕೊಂಡಾಗ ಕೋರೆಯವರು ಯಂತ್ರ ಎತ್ತಿಕೊಂಡು ಹೋದರು. ಶೇಡಿ ಎಂದರೆ ಗಟ್ಟಿ ಕಲ್ಲಿನ ಅಡಿಯಲ್ಲಿ ಸಿಗುವ ಗುಲಾಬಿ-ಬಿಳಿ ಬಣ್ಣದ ಮೆದು ಮಣ್ಣು. ಒಣಗಿದ್ದರೆ ಗೋಡೆಯ ಹಾಗೆ ಇರುತ್ತದೆ. ನೀರು ಕುಡಿದರೆ ಬೆಣ್ಣೆ.

ಧರ್ಣಪ್ಪಣ್ಣನಿಗೆ ಕಂಡದ್ದು ಶೇಡಿಯಲ್ಲ. ತಾನು ಬರೆದ ಪರದೆ ಎದ್ದು ನಿಂತದ್ದು.

ಮರುವಾರವೇ ಒಂದು ಜೋಡಿಯನ್ನು ಕರೆದುಕೊಂಡು ಹೋಗಿ ಮದುವೆಗೆ ಮುಂಚಿನ ಫೋಟೋ ತೆಗೆದರು. ಫೋಟೋ ಊರೂರಿಗೆ ಹರಡಿತು. ಮೂಡುಬಿದಿರೆಯಿಂದ, ಕಾರ್ಕಳದಿಂದ ಕಾರುಗಳು ಬಂದವು. ಜಗಲಿಯಲ್ಲಿ ಕೂತಿದ್ದ ಮನುಷ್ಯ ಟೊಪ್ಪಿ ಹಾಕಿಕೊಂಡು ‘ಅರಿಜೋನಾ ಧರ್ಣಪ್ಪಣ್ಣ’ ಆದರು. ಅವರ ಬಳಿ ಕೆಲಸ ಕಲಿತ ಜಿತೇಶ ಮೂಡುಬಿದಿರೆಯಲ್ಲಿ ಸ್ವಂತ ಸ್ಟುಡಿಯೋ ಮಾಡಿ, ತಾನೂ ಗಿರಾಕಿಗಳನ್ನು ಇಲ್ಲಿಗೇ ತರತೊಡಗಿದ. ಎಲ್ಲರಿಗೂ ಧರ್ಣಪ್ಪಣ್ಣ ಒಂದೇ ಮಾತು ಹೇಳುತ್ತಿದ್ದರು: “ಹೆದರಬೇಡಿ, ಹತ್ತಿರ ಹೋಗಿ ಒರಗಿ ನಿಲ್ಲಿ. ಇಂಥದ್ದು ಕೋಟಿಗಟ್ಟಲೆ ವರ್ಷ ನಿಲ್ತದೆ.”

ಈಗ ಈ ವರ್ಷದ ಹುಡಿಗೆ ಬರುತ್ತೇನೆ.

ಏಪ್ರಿಲಿನಲ್ಲಿ ಹುಡಿಯ ಜೊತೆ ಹರಳು ಬೀಳತೊಡಗಿತು. ಮೇ ತಿಂಗಳ ಮೊದಲ ಗುಡುಗು ಮಳೆಯ ಮರುದಿನ ಹೋದಾಗ ಕಂಬದ ಬುಡದಲ್ಲಿ ಇಡ್ಲಿಯಷ್ಟು ದೊಡ್ಡ ತುಂಡುಗಳಿದ್ದವು. ಹೊಟ್ಟೆಯ ಮಟ್ಟದಲ್ಲಿ ಒಂದು ಬಿರುಕು, ಬೆರಳು ತೂರುವಷ್ಟು. ನನ್ನ ಬೆರಳಲ್ಲ, ಪ್ರೇಮಾವತಿಯಕ್ಕನ ಬೆರಳು. ಅಂದು ಅವರೂ ಬಂದಿದ್ದರು, ಊಟ ಬಿಟ್ಟು ಬಂದ ಗಂಡನನ್ನು ಬೈಯಲು. ಬೆರಳು ಹೊರಗೆ ತೆಗೆದು ಮೂಸಿ ನೋಡಿದರು.

“ಕೆರೆಯ ಅಡಿಯ ವಾಸನೆ ಬರ್ತದೆ” ಎಂದರು. “ಇವರೇ, ಇದು ಒಳಗಿಂದ ಹಾಳಾಗಿದೆ.”

“ನಿನಗೆ ಹಲಸಿನಹಣ್ಣು ನೋಡಿ ಅಭ್ಯಾಸ” ಎಂದರು ಧರ್ಣಪ್ಪಣ್ಣ.

ಶಂಭು ಶೆಟ್ಟರಿಗೂ ಸುದ್ದಿ ಹೋಗಿತ್ತು. ಅವರು ನಮ್ಮನ್ನು ಮನೆಯ ಚಾವಡಿಗೆ ಕರೆಸಿದರು. ವರ್ಷಕ್ಕೊಮ್ಮೆ, ಪತ್ತನಾಜೆಯ ಮೊದಲು, ಅಂದರೆ ತುಳುನಾಡಿನ ದೈವಗಳ ಕೆಲಸವೆಲ್ಲ ಮಳೆಗಾಲಕ್ಕೆಂದು ನಿಲ್ಲುವ ದಿನದ ಮೊದಲು, ಗುಳಿಗನಿಗೆ ತಂಬಿಲ ಕೊಡಬೇಕು. ದೀಪ, ಎಳನೀರಿನ ಬೊಂಡ, ಹೊದಳು ಎನ್ನುವ ಭತ್ತದ ಅರಳು. ಗುಳಿಗ ಮೇಲಿದ್ದಾನೆ, ಆದ್ದರಿಂದ ಯಾರಾದರೂ ಹತ್ತಲೇಬೇಕು. ಕರಿಮೆಣಸು ಕೊಯ್ಯುವ ಉದ್ದ ಏಣಿ ಅರ್ಧದವರೆಗೆ, ಅಲ್ಲಿಂದ ಮೇಲೆ ಕಲ್ಲಿಗೆ ಕೊರೆದ ಕಾಲ್ಗುಳಿಗಳು. ಕೋರೆ ನಿಂತಂದಿನಿಂದ ಹತ್ತುತ್ತಿದ್ದವನು ಶೆಟ್ಟರ ತೋಟದ ಕೆಲಸದ ಸುಬ್ಬಪ್ಪ. ಅವನು ಅಂದು ಚಾವಡಿಯ ಕಂಬಕ್ಕೆ ಒರಗಿ, ನೆಲ ನೋಡುತ್ತಾ ಕೂತಿದ್ದ.

“ಗುಳಿಗನನ್ನು ಕೆಳಗೆ ತರುವ ಅಂತ ನನಗೆ ಕಾಣ್ತದೆ” ಎಂದರು ಶೆಟ್ಟರು. “ಜೋಯಿಸರನ್ನು ಕರೆಸಿ ಒಂದು ಪ್ರಶ್ನೆ ಇಡಿಸುವ. ಅಪ್ಪಣೆ ಆದ್ರೆ ಈಚೆ ಗುಡ್ಡೆಯಲ್ಲಿ ಕೂರಿಸುವ. ಮತ್ತೆ ಆ ಕಂಬ ಉಂಟಲ್ಲ, ಅದನ್ನು ಜೇಸಿಬಿ ತರಿಸಿ ಉರುಳಿಸಿದ್ರೆ ಆಯ್ತು.”

ಧರ್ಣಪ್ಪಣ್ಣನ ಮುಖ ನೋಡಬೇಕಿತ್ತು. ಮುದಿ ತಾಯಿಯನ್ನು ಉರುಳಿಸುವ ಅಂದ ಹಾಗೆ ಬಾಯಿ ತೆರೆದು ಕೂತರು.

“ಶೆಟ್ರೇ, ನಿಮಗೆ ಯಾರು ಹೇಳಿದ್ದು? ಅರಿಜೋನಾದಲ್ಲಿ ಇಂಥದ್ದು ಸಾಲು ಸಾಲು ಉಂಟು. ಅದಕ್ಕಿಂತ ಸಪೂರದ್ದು ಉಂಟು. ಬುಡ ಸವೆದು, ತಲೆ ಮಾತ್ರ ದಪ್ಪ ಇದ್ದು, ಅಣಬೆಯ ಹಾಗೆ ನಿಂತದ್ದು ಉಂಟು. ಒಂದಾದ್ರೂ ನಿನ್ನೆ ಮೊನ್ನೆ ಬಿತ್ತಾ?”

“ಅಲ್ಲಿಯೂ ಅಡಿಯಲ್ಲಿ ಶೇಡಿ ಉಂಟಾ?”

“ಉಂಟು ಅಂತೇನೆ! ಮೇಲೆ ಗಟ್ಟಿ, ಅಡಿಯಲ್ಲಿ ಮೆದು. ವಿಡಿಯೋದಲ್ಲೇ ಹೇಳ್ತಾರೆ.”

“ಮತ್ತೆ ಮಳೆ?” ಎಂದ ಸುಬ್ಬಪ್ಪ, ನೆಲ ನೋಡುತ್ತಲೇ.

“ಬರ್ತದೆ” ಎಂದರು ಧರ್ಣಪ್ಪಣ್ಣ. ಸ್ವಲ್ಪ ಹೊತ್ತು ಬಿಟ್ಟು, “ಬಾರದೆ ಎಂತ? ಅಲ್ಲೂ ಆಕಾಶ ಉಂಟು.”

ಅಲ್ಲಿ ಇಡೀ ವರ್ಷ ಬೀಳುವ ಮಳೆ ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳ ಒಂದು ಹಗಲಿಗೆ ಸಾಲದು ಎಂಬುದು ನನಗೂ ಗೊತ್ತಿತ್ತು. ಹೇಳಲಿಲ್ಲ. ಶೆಟ್ಟರ ಮನೆಯ ನೀರುದೋಸೆ ನನ್ನ ಬಾಯಲ್ಲಿತ್ತು, ಅಲ್ಲದೆ ಗೆಳೆಯನ ಅರಿಜೋನಾವನ್ನು ನಾನೇ ಯಾಕೆ ಒದ್ದೆ ಮಾಡಲಿ ಎಂದುಕೊಂಡೆ. ಶೆಟ್ಟರೂ ಹೆಚ್ಚು ವಾದಿಸಲಿಲ್ಲ. ಪ್ರಶ್ನೆ ಇಡಿಸಿದರೆ ಗುಳಿಗನ ಬೆನ್ನಿಗೆ ಅಜ್ಜಂದಿರ ಕಾಲದ ದೋಷಗಳೂ ಎದ್ದು ಬರುತ್ತವೆಂಬ ಹೆದರಿಕೆ ಎಲ್ಲ ದೊಡ್ಡ ಮನೆಗಳಿಗೂ ಇದ್ದದ್ದೇ.

“ಸರಿ, ಈ ವರ್ಷ ಮೇಲೆಯೇ ಆಗಲಿ. ಸುಬ್ಬಪ್ಪ, ಏಣಿ ನೋಡಿಡು.”

“ನಾನು ಹತ್ತುವುದಿಲ್ಲ ಧನಿಗಳೇ” ಎಂದ ಸುಬ್ಬಪ್ಪ. “ಈ ಸಲ ಕಾಗೆ ಗೂಡು ಕಟ್ಟಲಿಲ್ಲ ಅದರಲ್ಲಿ. ಬಂದು ಕೂತವು, ಕೂತವು ಎದ್ದು ಹೋದವು.”

ಶೆಟ್ಟರು ವೀಳ್ಯದೆಲೆಯ ತೊಟ್ಟು ಮುರಿಯುತ್ತಾ ಕೂತರು. ಆಮೇಲೆ ಸುಬ್ಬಪ್ಪ ತಲೆಯೆತ್ತಿ, ಒಂದಿಷ್ಟೂ ನಗದೆ ಹೇಳಿದ: “ಧರ್ಣಪ್ಪಣ್ಣ ಹತ್ತಲಿ. ಕೋಟಿ ವರ್ಷ ನಿಲ್ಲುವಂಥದ್ದನ್ನು ಒಂದು ಗಳಿಗೆ ಹತ್ತಲಿಕ್ಕೆ ಎಂತ ಉಂಟು?”

ಹೀಗೆ, ಮೊಣಗಂಟಿಗೆ ಎಣ್ಣೆ ಹಚ್ಚದೆ ಮೆಟ್ಟಿಲಿಳಿಯಲಾಗದ ಮನುಷ್ಯ ಗುಳಿಗನ ಕಂಬ ಹತ್ತುವುದೆಂದು ತೀರ್ಮಾನವಾಯಿತು.

ತಂಬಿಲದ ದಿನ ಬೆಳಿಗ್ಗೆ ಬಿಸಿಲಿತ್ತು. ಆದರೆ ಮೂಡುಬದಿಯಲ್ಲಿ ಘಟ್ಟದ ಸಾಲು ಕಾಣುತ್ತಿರಲಿಲ್ಲ. ಅಲ್ಲಿ ಒಂದು ನೀಲಿ-ಕಪ್ಪು ಗೋಡೆ ನಿಂತಿತ್ತು. ಪ್ರೇಮಾವತಿಯಕ್ಕ ಕೋರೆಯ ಅಂಚಿನವರೆಗೂ ಬಂದು, “ಮಂಡೆ ಸಮ ಉಂಟಾ ನಿಮಗೆ? ಒಂದು ಮಾತು ತಪ್ಪು ಹೇಳಿದೆ ಅಂತ ಒಪ್ಪಿಕೊಳ್ಳಲಿಕ್ಕೆ ನಾಚಿಕೆ, ಸಾಯ್ಲಿಕ್ಕೆ ನಾಚಿಕೆ ಇಲ್ಲ” ಎಂದು ಎಲ್ಲರೆದುರೇ ಹೇಳಿದರು. ಧರ್ಣಪ್ಪಣ್ಣ ಮುಂಡು ಎತ್ತಿ ಕಟ್ಟಿ, ಹಳೆಯ ಕ್ಯಾಮೆರಾ ಚೀಲದಲ್ಲಿ ದೀಪ, ಬೊಂಡ, ಹೊದಳು ತುಂಬಿ ಹೆಗಲಿಗೆ ಹಾಕಿಕೊಂಡರು.

ಏಣಿ ಹಿಡಿಯುವ ಕೆಲಸ ನನಗೆ ಬಂತು. ನನ್ನ ತೂಕ ಜೀವನದಲ್ಲಿ ಮೊದಲ ಬಾರಿ ಯಾರಿಗೋ ಉಪಯೋಗಕ್ಕೆ ಬಿದ್ದದ್ದು. ಅವರು ಮೆಟ್ಟಿಲು ಮೆಟ್ಟಿಲಾಗಿ ಏರಿದರು. ಏಣಿ ಮುಗಿದಲ್ಲಿ ಸ್ವಲ್ಪ ನಿಂತು, ಇಳಿಬಿದ್ದ ಕಾಸರಕನ ಬೇರು ಹಿಡಿದುಕೊಂಡು, ಕಾಲ್ಗುಳಿಗೆ ಪಾದ ಇಟ್ಟರು. ಹುಡಿ ನನ್ನ ಕಣ್ಣಿಗೆ ಬಿತ್ತು. ಮತ್ತೆ ನೋಡುವಾಗ ಅವರು ಕಾಣಲಿಲ್ಲ, ಮೇಲೆ ಮುಟ್ಟಿದ್ದರು.

ಕೆಳಗೆ ನಾವೆಲ್ಲ ಕಿವಿ ಕೊಟ್ಟು ನಿಂತೆವು. ಗಂಟೆಯಿಲ್ಲ, ಮಂತ್ರವಿಲ್ಲ, ಸುದ್ದಿಯೇ ಇಲ್ಲ. ಆಮೇಲೆ ಏನೋ ಉರುಳುವ ಸದ್ದಾಗಿ, ಬೊಂಡವೊಂದು ಕಂಬದ ಪಡುಬದಿಯಿಂದ ಹಾರಿ ಬಂದು, ನನ್ನಿಂದ ಮಾರು ದೂರದ ನೀರಿಗೆ ಬಿತ್ತು. ನಾನು ಏಣಿ ಬಿಟ್ಟೆ. ಮತ್ತೆ ಹಿಡಿದೆ. ಇದನ್ನು ಯಾರೂ ನೋಡಲಿಲ್ಲ ಎಂದುಕೊಂಡಿದ್ದೇನೆ.

“ಧರ್ಣಪ್ಪಾ!” ಎಂದು ಶೆಟ್ಟರು ಕೂಗಿದರು. “ಎಂತ ಆಯ್ತು?”

ಉತ್ತರ ತಡವಾಗಿ ಬಂತು. “ಎಂತ ಇಲ್ಲ. ಬರ್ತೇನೆ.” ಆ ದನಿ ಅವರದ್ದಲ್ಲವೆಂಬಂತೆ ಸಣ್ಣದಾಗಿತ್ತು.

ಅವರು ಇಳಿದದ್ದು ಹತ್ತಿದ್ದಕ್ಕಿಂತ ನಿಧಾನವಾಗಿ. ಕೆಳಗೆ ಬಂದವರೇ ಯಾರನ್ನೂ ನೋಡದೆ, ಕಂಬದಿಂದ ಬೇಗ ಬೇಗ ದೂರ ನಡೆದು, ಕೋರೆಯ ದಾರಿ ಹತ್ತಿ, ಮೇಲೆ ಗಟ್ಟಿ ನೆಲದಲ್ಲಿ ನಿಂತ ಮೇಲೆ ಚೀಲ ಇಳಿಸಿದರು. ಚೀಲ ಭಾರವಾಗಿತ್ತು. ಒಳಗೆ ಗುಳಿಗನಿದ್ದ.

ಶೆಟ್ಟರು ಒಂದು ಹೆಜ್ಜೆ ಹಿಂದೆ ಸರಿದರು. “ಯಾರಲ್ಲಿ ಕೇಳಿ ತಂದದ್ದು ನೀನು?”

“ಬೊಂಡ ಇಟ್ಟೆ ಶೆಟ್ರೇ. ಉರುಳಿತು. ಎರಡನೆಯದು ಇಟ್ಟೆ, ಅದೂ ಅದೇ ಬದಿಗೆ ಉರುಳಿತು, ಕಾಲು ಅಡ್ಡ ಇಟ್ಟು ನಿಲ್ಲಿಸಿದೆ. ಹೊದಳು ಹಾಕಿದೆ, ಹೊದಳು ಕಲ್ಲಿನ ಸಂದಿಗೆ ಹೋಯ್ತು. ಹೋಗ್ತಾ ಉಂಟು, ಹೋಗ್ತಾ ಉಂಟು, ಅಡಿಗೆ ಮುಟ್ಟುವುದಿಲ್ಲ. ಕಾಸರಕನ ಬೇರು ಮಾತ್ರ ಅದನ್ನು ಕಟ್ಟಿ ಹಿಡ್ಕೊಂಡದ್ದು.” ಅವರು ಚೀಲದ ಹುಡಿ ಒರೆಸಿದರು. “ನಾನು ಕೈ ಮುಗಿದು ಹೇಳಿದೆ, ಸ್ವಾಮಿ, ನನ್ನ ಜೊತೆ ಬರ್ತೀಯಾದ್ರೆ ಭಾರ ಆಗಬೇಡ ಅಂತ. ಎತ್ತಿದೆ, ಬಂದ.”

ಶೆಟ್ಟರು ಬೈಯುತ್ತಲೇ ಕೈ ಮುಗಿದರು. ಈಚೆ ಗುಡ್ಡೆಯ ಮಾವಿನ ಬುಡದಲ್ಲಿ ಸದ್ಯಕ್ಕೆಂದು ಗುಳಿಗನನ್ನು ಕೂರಿಸಿ, ಉಳಿದ ಬೊಂಡವನ್ನು ಅಲ್ಲಿಟ್ಟರು. ಅದು ನಿಂತಿತು. ನಾವೆಲ್ಲ ಅದನ್ನೇ ಬಹಳ ಹೊತ್ತು ನೋಡುತ್ತಾ ನಿಂತೆವು.

ಜೇಸಿಬಿಯವನನ್ನು ಕರೆಸಿದರು. ಅವನು ಕೋರೆಯ ಅಂಚಿನಿಂದಲೇ ನೋಡಿ, “ಇದಕ್ಕೆ ನಾನು ಯಂತ್ರ ತಾಗಿಸಿದ್ರೆ ಯಂತ್ರವೂ ಇಲ್ಲ, ನಾನೂ ಇಲ್ಲ. ಮಳೆಯೇ ಉರುಳಿಸಲಿ” ಎಂದು ಚಹಾ ಕುಡಿದು ಹೋದ. ಅಷ್ಟರಲ್ಲಿ ಮಳೆ ಹಿಡಿಯಿತು.

ಈಗ ಧರ್ಣಪ್ಪಣ್ಣನ ಕಷ್ಟ ಬೇರೆಯೇ ಆಯಿತು. ಒಪ್ಪಿಕೊಂಡಿದ್ದ ಫೋಟೋಗಳನ್ನೆಲ್ಲ ಬಿಟ್ಟರು. ಫೋನು ಮಾಡಿದವರಿಗೆಲ್ಲ “ಬರಬೇಡಿ, ಅದು ಬೀಳ್ತದೆ” ಎಂದರು. ಅವರು “ನೀವೇ ಅಲ್ವಾ ಕೋಟಿ ವರ್ಷ ಅಂದದ್ದು?” ಎಂದು ನಕ್ಕು ಜಿತೇಶನಿಗೆ ಫೋನು ಮಾಡಿದರು. ಮುದುಕನಿಗೆ ಗಿರಾಕಿ ಕಡಿಮೆಯಾಗಿ ಹೊಟ್ಟೆಯುರಿ ಎಂಬ ಮಾತು ಹೋಟೆಲಿನಲ್ಲಿ ಹುಟ್ಟಿತು. ಶೆಟ್ಟರು ‘ಅಪಾಯ, ಒಳಗೆ ಹೋಗಬಾರದು’ ಎಂದು ಕೆಂಪಕ್ಷರದ ಬೋರ್ಡು ಹಾಕಿಸಿದರು. ಹುಡುಗ ಹುಡುಗಿಯರು ಆ ಬೋರ್ಡಿನ ಆಚೆ ಈಚೆ ನಿಂತು ಮೊದಲ ಫೋಟೋ ತೆಗೆಸಿಕೊಂಡು ಒಳಗೆ ಹೋದರು, ಮದುವೆಗೆ ಸರಿಯಾದ ಮಾತು ಎಂದು. ಧರ್ಣಪ್ಪಣ್ಣ ದಾರಿಗೆ ಮುಳ್ಳು ಹಾಕಿದರು. ಮರುದಿನ ಮುಳ್ಳು ಬದಿಗಿತ್ತು. ಅಲ್ಲದೆ ಒದ್ದೆಯಾದ ಕೆಂಪುಕಲ್ಲು ಒಣಗಿದ್ದಕ್ಕಿಂತ ಎಷ್ಟೋ ಕೆಂಪು. ಮಳೆ ಬಿಟ್ಟು ಒಂದು ತುಂಡು ಬಿಸಿಲು ಬಂದರೆ ಆ ಕಂಬ ಹಸಿ ಗಾಯದ ಹಾಗೆ ಹೊಳೆಯುತ್ತಿತ್ತು. ಅಂಥ ಬಿಸಿಲಿಗಾಗಿಯೇ ಜನ ಕಾದು ಬರುತ್ತಿದ್ದರು.

ಆಗ ಧರ್ಣಪ್ಪಣ್ಣ ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹೊರತೆಗೆದರು. ಫೋಟೋ ಹಾಳಾಗುವುದು ಎಲ್ಲಿ ನಿಂತರೆ ಎಂದು ಅವರಷ್ಟು ಬಲ್ಲವರು ಯಾರು? ಬಿಸಿಲು ಬಂದೊಡನೆ ಕೊಡೆ ಹಿಡಿದು ಕೋರೆಗಿಳಿದು, ಕ್ಯಾಮೆರಾ ಎಲ್ಲಿಟ್ಟರೂ ನಡುವೆ ಬರುವಂತೆ, ಕಂಬದ ಮುಂದೆ ನಿಂತುಬಿಡುತ್ತಿದ್ದರು. ಕರಿಕೊಡೆ, ಮೊಣಕಾಲಿನ ಮೇಲೆ ಮುಂಡು, ತಲೆಗೆ ಪ್ಲಾಸ್ಟಿಕ್ ತೊಟ್ಟೆ. ಯಾವ ಮದುವೆ ಫೋಟೋವೂ ಅದನ್ನು ತಾಳಿಕೊಳ್ಳುವುದಿಲ್ಲ. ಬೈದು, ಬೇಡಿ, ಬಂದವರು ವಾಪಸು ಹೋಗುತ್ತಿದ್ದರು.

“ದಿನವೂ ಅದರ ಅಡಿಯಲ್ಲಿ ಹೋಗಿ ನಿಲ್ತಾರೆ” ಎಂದು ಪ್ರೇಮಾವತಿಯಕ್ಕ ನನಗೆ ಫೋನು ಮಾಡಿದರು. “ನಿಮ್ಮ ಮಾತು ಕೇಳಿಯಾರು, ಬನ್ನಿ.” ನನ್ನ ಮಾತನ್ನು ನಮ್ಮ ಮನೆಯ ನಾಯಿಯೂ ಕೇಳುವುದಿಲ್ಲ. ಆದರೂ ಹೋದೆ.

ಹೋದ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಜಿತೇಶನ ಕಾರು ಬೋರ್ಡಿನ ಹತ್ತಿರವೇ ನಿಂತಿತ್ತು. ಕೋರೆಯ ತಳದಲ್ಲಿ ನೀರು ಏರಿ ಕಂಬದ ಬುಡವನ್ನು ಮೂರು ಬದಿಯಿಂದ ನೆಕ್ಕುತ್ತಿತ್ತು. ನೀರಿನ ಬಣ್ಣ ಹಸಿರು ಹೋಗಿ ಗುಲಾಬಿ ಹಾಲಿನ ಹಾಗಾಗಿತ್ತು. ಉಳಿದ ಒಣ ತುಂಡಿನಲ್ಲಿ ಬಿಳಿ ಉದ್ದಂಗಿಯ ವಿಸ್ಮಿತಾ, ಅವಳನ್ನು ಮದುವೆಯಾಗಲಿರುವ ಶಿಶಿರ್, ಅವರ ಮುಂದೆ ಕ್ಯಾಮೆರಾ ಹಿಡಿದ ಜಿತೇಶ. ಹಿಂದೆ ಕರಿಕೊಡೆ.

“ಗುರುಗಳೇ, ಸ್ವಲ್ಪ ಬದಿಗೆ” ಎಂದ ಜಿತೇಶ.

“ಇಲ್ಲ ಮಗ. ನೀನು ಇವರನ್ನು ಕರ್ಕೊಂಡು ಮೇಲೆ ಹೋಗು.”

“ಕಾಲು ನೋವಾದೀತು ನಿಮಗೆ.”

“ಆಗಲಿ.”

ಜಿತೇಶ ನಕ್ಕ. ಕೆಟ್ಟವನಲ್ಲ ಅವನು, ಅವಸರದವನು. “ಸರಿ, ಅಲ್ಲೇ ನಿಲ್ಲಿ. ಮತ್ತೆ ಕಂಪ್ಯೂಟರಿನಲ್ಲಿ ನಿಮ್ಮನ್ನು ಅಳಿಸ್ತೇನೆ. ಕೊಡೆ ಸಮೇತ ಅಳಿಸ್ತೇನೆ. ಒಂದು ನಿಮಿಷದ ಕೆಲಸ. ವಿಸ್ಮಿತಾ, ಇನ್ನೂ ಹಿಂದೆ ಹೋಗಿ. ಹಾಂ, ಕಂಬಕ್ಕೆ ಹತ್ತಿರ.”

ಧರ್ಣಪ್ಪಣ್ಣ ಇದನ್ನು ಎಣಿಸಿರಲಿಲ್ಲ. ಅವರ ಕೊಡೆ ಸ್ವಲ್ಪ ಕೆಳಗಿಳಿಯಿತು. ಅವರ ಕಾಲದಲ್ಲಿ ಫೋಟೋದೊಳಗೆ ಒಮ್ಮೆ ಬಂದವನನ್ನು ತೆಗೆಯಲು ಆಗುತ್ತಿರಲಿಲ್ಲ. ಅವರು ಜಿತೇಶನನ್ನು ನೋಡಿದರು, ಹುಡುಗಿ ಹಿಂದೆ ಹಿಂದೆ ಹೆಜ್ಜೆಯಿಡುವುದನ್ನು ನೋಡಿದರು. ಆಮೇಲೆ ಕೊಡೆ ಮಡಚಿ, ತಿರುಗಿ, ಕಂಬದ ಕಡೆಗೇ ನಡೆಯತೊಡಗಿದರು. ಬುಡಕ್ಕೆ ಹೋಗಿ, ಬಿದ್ದ ತುಂಡುಗಳನ್ನು ಕಾಲಿನಿಂದ ಬದಿಗೆ ಮಾಡಿ, ಕಂಬಕ್ಕೆ ಬೆನ್ನು ಕೊಟ್ಟು ಕೂತರು.

“ಅಳಿಸು” ಎಂದರು.

ಮೇಲಿಂದ ಒಂದು ಕಲ್ಲು ಜಾರಿ ನೀರಿಗೆ ಬಿತ್ತು. ನೀರು ಸದ್ದು ಮಾಡಿ ಮುಚ್ಚಿಕೊಂಡಿತು.

“ಧರ್ಣಪ್ಪಣ್ಣ, ಏಳಿ ಮಾರಾಯ್ರೆ!” ಎಂದು ನಾನು ಕೂಗಿದೆ. ಕೂಗಿದ್ದು ದಾರಿಯ ಅರ್ಧದಲ್ಲಿ ನಿಂತು. ಕಾಲು ಮುಂದೆ ಬರಲಿಲ್ಲ.

ವಿಸ್ಮಿತಾ ತಿರುಗಿ ನೋಡಿದಳು. ಕಂಬವನ್ನು ಬುಡದಿಂದ ತುದಿಯವರೆಗೆ, ಅದುವರೆಗೂ ಹಿನ್ನೆಲೆಯೆಂದಷ್ಟೇ ನೋಡಿದ್ದನ್ನು, ಈಗ ನೋಡಿದಳು. “ನನಗೆ ಬೇಡ ಈ ಫೋಟೋ” ಎಂದಳು.

“ಐದು ನಿಮಿಷ ಅಷ್ಟೆ, ಬಿಸಿಲು ಹೋಗ್ತದೆ” ಎಂದ ಜಿತೇಶ.

“ಅವರು ಅಲ್ಲಿ ಕೂತಿರುವಾಗ ನಾನು ನಗಬೇಕಾ? ಅಜ್ಜ, ನಾವು ಹೋಗ್ತೇವೆ. ನೀವು ಏಳಿ. ನೋಡಿ, ಹೋಗ್ತಾ ಇದ್ದೇವೆ.” ಅವಳು ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೆಸರಿನಲ್ಲಿ ದಾರಿ ಹತ್ತಿದಳು. ಶಿಶಿರ್ ಅವಳ ಹಿಂದೆ. ಜಿತೇಶ ಕ್ಯಾಮೆರಾಕ್ಕೆ ಮುಚ್ಚಳ ಹಾಕಿ, ನನ್ನ ಪಕ್ಕದಲ್ಲಿ ಹಾದು ಹೋಗುವಾಗ “ಇವರನ್ನು ಮನೆಗೆ ಕರ್ಕೊಂಡು ಹೋಗಿ” ಎಂದ. ಅವನ ಮುಖದಲ್ಲಿ ನಗೆ ಇರಲಿಲ್ಲ.

ಅವರೆಲ್ಲ ಮೇಲೆ ಮುಟ್ಟಿದ ಮೇಲೆಯೇ ಧರ್ಣಪ್ಪಣ್ಣ ಎದ್ದದ್ದು. ಓಡಲಿಲ್ಲ; ಮೊಣಗಂಟು ಬಿಡಬೇಕಲ್ಲ. ನೆಲಕ್ಕೆ ಕೊಡೆ ಊರಿಕೊಂಡು, ನಿದ್ದೆ ಹೋದವರ ಕೋಣೆಯಿಂದ ಹೊರಬರುವ ಹಾಗೆ ಮೆಲ್ಲನೆ ಹೆಜ್ಜೆಯಿಟ್ಟು ಬಂದರು. ನನ್ನ ಹತ್ತಿರ ಬಂದು ತಿರುಗಿದಾಗ ನೋಡಿದೆ. ಅವರ ಬಿಳಿ ಅಂಗಿಯ ಬೆನ್ನು ಹೆಗಲಿನಿಂದ ಸೊಂಟದವರೆಗೆ ಗುಲಾಬಿ ಕೆಸರಿನಲ್ಲಿ ನೆನೆದು ಹೋಗಿತ್ತು.

“ಒರಗಿದೆ” ಎಂದರು. “ಬೆನ್ನು ಒಳಗೆ ಹೋಯ್ತು ಮಾರಾಯ್ರೆ. ಹಾಸಿಗೆಯ ಹಾಗೆ.”

ಇಬ್ಬರೂ ದಾರಿ ಹತ್ತಿದೆವು. ಮೇಲೆ ಜಿತೇಶನ ಕಾರು ಹೊರಟು ಹೋಗಿತ್ತು. ಬಿಸಿಲು ಇನ್ನೂ ಇತ್ತು, ಇದ್ದಷ್ಟು ಹೊತ್ತು ಇರಲಿ ಎಂಬಂತೆ. ಪ್ರೇಮಾವತಿಯಕ್ಕ ಗಂಜಿ ಆರುತ್ತದೆಂದು ಎರಡು ಸಲ ಫೋನು ಮಾಡಿದ್ದರು. ನಾನು ಸ್ಕೂಟರಿಗೆ ಕೀಲಿ ಹಾಕಿದೆ.

ಆಗ ಪೇಟೆಯ ಕಡೆಯ ತಿರುವಿನಲ್ಲಿ ಇನ್ನೊಂದು ಕಾರು ಗೇರು ಬದಲಿಸಿ ಗುಡ್ಡೆ ಹತ್ತುವ ಸದ್ದು ಕೇಳಿತು. ಧರ್ಣಪ್ಪಣ್ಣ ಒಂದು ಗಳಿಗೆ ಕಿವಿಗೊಟ್ಟು ನಿಂತರು. ಆಮೇಲೆ “ಇದು ಒಡೆಯುವುದು ಬೇಡ” ಎಂದು ನನ್ನ ಕೈಗೆ ತಮ್ಮ ಕನ್ನಡಕ ಕೊಟ್ಟು, ಕೊಡೆ ಬಿಡಿಸಿಕೊಂಡು, ಕೆಳಗೆ ಹೊರಟರು.